ಅಂಚೆಯಲ್ಲಿ ಬಂದ ಬೆಕ್ಕುಗಳು

(ಗ್ರಂಥಾಲಯವೊಂದರಲ್ಲಿ ಮಾಡಿದ ಉಪನ್ಯಾಸವನ್ನು ಬರಹಕ್ಕಿಳಿಸಿದ್ದೇನೆ. ಅಂದು ತೆರೆಯ ಮೇಲೆ ಚಿತ್ರಗಳಿದ್ದವು, ಇಲ್ಲಿ ಇಲ್ಲ. ಹಾಗಾಗಿ ಕೆಲವು ಕಡೆ ಚಿತ್ರವನ್ನೇ ಮಾತಿನಲ್ಲಿ ಬಿಡಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಕಾರ್ಡನ್ನು ನಿಮ್ಮ ಕೈಗೆ ಕೊಡುತ್ತೇನೆ. ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ನೋಡಿ. ಅಂಚು ಹಿಡಿಯಿರಿ, ಮೂಲೆ ಮಡಚದಿರಲಿ. ಅದಕ್ಕೆ ನೂರು ವರ್ಷ ದಾಟಿದೆ. ಜೊತೆಗೆ ಈ ಭೂತಗನ್ನಡಿಯೂ ಇರಲಿ, ಯಾಕೆಂದು ಆಮೇಲೆ ಹೇಳುತ್ತೇನೆ.

ಮೂವತ್ತು ವರ್ಷ ಶಾಲಾ ಮಕ್ಕಳಿಗೆ ಚಿತ್ರಕಲೆ ಕಲಿಸಿದವನು ನಾನು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ, ರಟ್ಟು ಕಿತ್ತುಹೋಗಿದ್ದ ಒಂದು ಇಂಗ್ಲಿಷ್ ಅಡುಗೆ ಪುಸ್ತಕದ ಹಾಳೆಗಳ ನಡುವೆ ಈ ಕಾರ್ಡು ಸಿಕ್ಕಿತು. ಐದು ಬೆಕ್ಕುಗಳು ಮೇಜಿನ ಸುತ್ತ ಕುಳಿತು ಚಹಾ ಕುಡಿಯುತ್ತಿವೆ. ನಡುವೆ ಕುಳಿತ ಯಜಮಾನಿ ಬೆಕ್ಕು ಗರಿ ಸಿಕ್ಕಿಸಿದ ಟೊಪ್ಪಿ ತೊಟ್ಟು, ಬಹಳ ಗಂಭೀರವಾಗಿ ಚಹಾ ಸುರಿಯುತ್ತಿದೆ. ಬಲಗಡೆಯ ದಪ್ಪ ಬೆಕ್ಕು ಒಂಟಿಗಣ್ಣಿನ ಕನ್ನಡಕ ಸಿಕ್ಕಿಸಿಕೊಂಡು ಏನೋ ದೊಡ್ಡ ವಿಷಯ ಹೇಳುತ್ತಿದೆ, ಪಕ್ಕದ್ದು ಕೇಳಿದಂತೆ ನಟಿಸುತ್ತಿದೆ. ಎಡತುದಿಯಲ್ಲಿ ಒಂದು ಮರಿ. ಕೊರಳಿಗೆ ದೊಡ್ಡ ರಿಬ್ಬನ್ನಿನ ಗಂಟು, ತಲೆ ಬಾಚಿದೆ, ಬೆನ್ನು ನೆಟ್ಟಗಿದೆ. ಆದರೆ ಅದರ ಒಂದು ಪಂಜ ಹಾಲಿನ ಹೂಜಿಯೊಳಗೆ ಮೊಣಕೈವರೆಗೆ ಇಳಿದಿದೆ. ಕಣ್ಣು ಮಾತ್ರ ನೇರವಾಗಿ ನಮ್ಮನ್ನೇ ನೋಡುತ್ತಿದೆ. ಕೆಳಗಿನ ಬಿಳಿ ಜಾಗದಲ್ಲಿ ಪೆನ್ಸಿಲಿನಿಂದ ಯಾರೋ ಬರೆದಿದ್ದಾರೆ: ಎಡಗಡೆ ಇರುವುದು ನೀನು, ಭಾನುವಾರ.

ಅಷ್ಟೇ. ಹೆಸರಿಲ್ಲ, ಕುಶಲ ಸಮಾಚಾರವಿಲ್ಲ. ಚಿತ್ರಕಾರನ ಸಹಿಯೂ ಇಲ್ಲ. ಆ ಭಾನುವಾರ ಯಾರ ಮನೆಯಲ್ಲಿ ಯಾರು ಏನು ಕದ್ದು ತಿಂದರೋ ಯಾರಿಗೂ ತಿಳಿಯುವುದಿಲ್ಲ. ಆದರೂ ಪ್ರತಿ ಸಲ ನೋಡಿದಾಗ ನಗು ಬರುತ್ತದೆ. ಯಾಕೆ ಬರುತ್ತದೆ ಎಂದು ವರ್ಷಗಟ್ಟಲೆ ಯೋಚಿಸಿದ್ದೇನೆ. ಇವತ್ತು ಹೇಳಬೇಕಾಗಿರುವುದು ಅದನ್ನೇ.

ಮೊದಲು ಕಾರ್ಡಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಅಂಚೆ ಕಾರ್ಡು ಮೊದಲು ಹೊರಬಂದದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, 1869ರ ಅಕ್ಟೋಬರ್ 1ರಂದು. ಎರಡು ಸಾಲಿನ ಸುದ್ದಿಗೆ ಲಕೋಟೆ, ಅರಗು, ಪೂರ್ತಿ ಅಂಚೆ ದರ ಎಲ್ಲ ಯಾಕೆ ಎಂದು ಕೇಳಿದವರು ಎಮಾನುಯೆಲ್ ಹೆರ್ಮಾನ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಮರುವರ್ಷ ಅದೇ ದಿನ ಬ್ರಿಟನ್ನಿನಲ್ಲಿ ಅರ್ಧ ಪೆನ್ನಿಯ ಕಾರ್ಡು ಬಂತು. ನಮ್ಮಲ್ಲಿಗೆ 1879ರ ಜುಲೈ 1ರಂದು ಬಂತು, ಬೆಲೆ ಕಾಲಾಣೆ. ನಮ್ಮ ಕಾರ್ಡು ನಿಮಗೆ ಗೊತ್ತೇ ಇದೆ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗಿ, ಜಾಗ ಮುಗಿದ ಮೇಲೆ ಅಂಚಿನುದ್ದಕ್ಕೂ ಇರುವೆ ಸಾಲಿನಂತೆ ಹತ್ತಿ ಹೋಗುವ ಅಕ್ಷರಗಳು. ಮದುವೆಯ ಕಾಗದವಾದರೆ ಮೂಲೆಗೆ ಅರಿಸಿನ, ಸಾವಿನ ಸುದ್ದಿಯಾದರೆ ಮೂಲೆ ಹರಿದಿರುತ್ತಿತ್ತು. ಅದರಲ್ಲಿ ಚಿತ್ರಕ್ಕೆ ಜಾಗವಿರಲಿಲ್ಲ, ಬೇಕೆಂದು ಯಾರಿಗೂ ಅನಿಸಲೂ ಇಲ್ಲ.

ಯುರೋಪಿನಲ್ಲಿ ದಾರಿ ಬೇರೆಯಾಯಿತು. 1894ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಖಾಸಗಿ ಮುದ್ರಕರೂ ಕಾರ್ಡು ಅಚ್ಚು ಹಾಕಬಹುದು ಎಂದಿತು. ಆದರೆ ಒಂದು ಕಟ್ಟುಪಾಡು ಉಳಿಯಿತು. ಒಂದು ಬದಿ ವಿಳಾಸಕ್ಕೇ ಮೀಸಲು. ಬರೆಯಬೇಕಾದ ಮಾತೆಲ್ಲ ಚಿತ್ರದ ಬದಿಯಲ್ಲೇ, ಚಿತ್ರ ಬಿಟ್ಟುಕೊಟ್ಟ ಸಂದಿಯಲ್ಲೇ ತುರುಕಬೇಕು. 1902ರಲ್ಲಿ ಬ್ರಿಟನ್ ಹಿಂಬದಿಗೆ ನಡುವೆ ಒಂದು ಗೀಟು ಎಳೆಯಿತು. ಎಡಕ್ಕೆ ಮಾತು, ಬಲಕ್ಕೆ ವಿಳಾಸ. ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ ಅದನ್ನೇ ಮಾಡಿದವು. ಒಂದು ಗೀಟು, ಅಷ್ಟೇ. ಮುಂಬದಿ ಪೂರ್ತಿಯಾಗಿ ಚಿತ್ರಕಾರನ ಪಾಲಾಯಿತು.

ಆಮೇಲಿನದು ಪ್ರವಾಹ. ಅಮೆರಿಕದಲ್ಲಿ 1908ಕ್ಕೆ ಮುಗಿದ ಒಂದೇ ವರ್ಷದಲ್ಲಿ ಅಂಚೆಯಲ್ಲಿ ಸಾಗಿದ ಕಾರ್ಡುಗಳು 67 ಕೋಟಿಗೂ ಹೆಚ್ಚು, ಆಗ ಅಲ್ಲಿನ ಜನಸಂಖ್ಯೆ 9 ಕೋಟಿಯೂ ಇರಲಿಲ್ಲ. ಬ್ರಿಟನ್ನಿನಲ್ಲಿ 1910ರ ಹೊತ್ತಿಗೆ ವರ್ಷಕ್ಕೆ 80 ಕೋಟಿ ಮೀರಿತ್ತು. ದೊಡ್ಡ ಊರುಗಳಲ್ಲಿ ದಿನಕ್ಕೆ ಹಲವು ಸಲ ಬಟವಾಡೆ ನಡೆಯುತ್ತಿತ್ತು. ಬೆಳಿಗ್ಗೆ ಹಾಕಿದ ಕಾರ್ಡು ಸಂಜೆಗೆ ಗೆಳತಿಯ ಕೈಯಲ್ಲಿ. ಇಷ್ಟು ಕಾರ್ಡುಗಳಲ್ಲಿ ಊರಿನ ನೋಟ, ಸಮುದ್ರ ತೀರ, ರಾಜ ರಾಣಿಯರ ಚಿತ್ರಗಳೇ ಹೆಚ್ಚಾಗಿದ್ದವು. ಆದರೆ ಜನ ಬರೆಯಲು ವಿಷಯವೇನೂ ಇಲ್ಲದಾಗ, ನಿನ್ನ ನೆನಪಾಯಿತು ಎಂಬಷ್ಟೇ ಹೇಳಬೇಕಾದಾಗ, ಕೈ ಹೋಗುತ್ತಿದ್ದದ್ದು ಪ್ರಾಣಿಗಳ ಕಾರ್ಡಿಗೆ. ಲಂಡನ್ನಿನ ರಾಫೆಲ್ ಟಕ್ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ ಎರಡು ಮೂರು ಪದಗಳನ್ನು ಕೈಬರಹದಂತೆಯೇ ಅಚ್ಚು ಹಾಕಿ ಉಳಿದ ವಾಕ್ಯವನ್ನು ಕಳಿಸುವವರೇ ಮುಗಿಸಲಿ ಎಂದು ಬಿಟ್ಟ ಒಂದು ಸರಣಿಯನ್ನೇ ಹೊರತಂದಿತು. ಚಿತ್ರಕಾರ ಅರ್ಧ, ಕಳಿಸುವವರು ಅರ್ಧ. ನನ್ನ ಕಾರ್ಡಿನ ಪೆನ್ಸಿಲ್ ಸಾಲು ಮಾಡಿದ ಕೆಲಸವೂ ಅದೇ.

ಈಗ ಭೂತಗನ್ನಡಿಯ ವಿಷಯ. ಯಾರ ಕೈಯಲ್ಲಿದೆ? ಬೆಕ್ಕಿನ ಕಿವಿಯ ಒಳಭಾಗ ನೋಡಿ. ಬಣ್ಣ ಮೆತ್ತಿದಂತೆ ಕಾಣುವ ಕಡೆ ಸಣ್ಣ ಸಣ್ಣ ಚುಕ್ಕಿಗಳಿವೆ. ಗುಲಾಬಿ ಒಂದು, ಹಳದಿ ಒಂದು, ಬೂದು ಒಂದು. ಆದರೆ ಇಂದಿನ ಪತ್ರಿಕೆಯ ಚುಕ್ಕಿಗಳಂತೆ ಸಾಲಾಗಿ ಇಲ್ಲ, ಚೆಲ್ಲಾಪಿಲ್ಲಿಯಾಗಿವೆ. ಕೈಯಿಂದ ಇಟ್ಟ ಚುಕ್ಕಿಗಳು ಅವು. ಇದು ಕಲ್ಲಚ್ಚು. ಬವೇರಿಯಾದ ಸೋಲ್ನ್‌ಹೋಫನ್ನಿನ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬಿಡಿಸುತ್ತಾರೆ. ಕಲ್ಲಿಗೆ ನೀರು ಸವರಿದರೆ ಜಿಡ್ಡಿಲ್ಲದ ಕಡೆ ಮಾತ್ರ ನೀರು ನಿಲ್ಲುತ್ತದೆ. ಆಮೇಲೆ ಮಸಿ ಉರುಳಿಸಿದರೆ ನೀರಿರುವ ಕಡೆ ಹಿಡಿಯದೆ ಜಿಡ್ಡಿನ ಮೇಲೆ ಮಾತ್ರ ಹಿಡಿಯುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಹತ್ತು ಬಣ್ಣವಾದರೆ ಅದೇ ಬೆಕ್ಕನ್ನು ಹತ್ತು ಕಲ್ಲುಗಳ ಮೇಲೆ, ಅದೂ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲು ಬದಲಾಗಿ, ಬಿಡಿಸಬೇಕು. ಒಂದು ಕಲ್ಲು ಕೂದಲೆಳೆಯಷ್ಟು ಸರಿದರೂ ಬೆಕ್ಕಿನ ಕಣ್ಣಿನ ಹಸಿರು ಕಣ್ಣಿನಿಂದ ಹೊರಗೆ ಬಂದು ಕೂರುತ್ತದೆ.

ಈ ಕೆಲಸದಲ್ಲಿ ಜರ್ಮನಿಯವರನ್ನು ಮೀರಿಸಿದವರಿರಲಿಲ್ಲ. ಇಂಗ್ಲಿಷ್ ಪ್ರಕಾಶಕರ ಕಾರ್ಡುಗಳ ಅಂಚಿನಲ್ಲೂ ಸ್ಯಾಕ್ಸನಿಯಲ್ಲಿ ಅಚ್ಚಾಯಿತು, ಬವೇರಿಯಾದಲ್ಲಿ ಅಚ್ಚಾಯಿತು ಎಂಬ ಪುಟ್ಟ ಸಾಲು ಕಾಣುತ್ತದೆ. ಅರ್ಧ ಪೆನ್ನಿಯ ಅಂಚೆಯಲ್ಲಿ ಹೋಗುವ ತಮಾಷೆಯ ಬೆಕ್ಕಿಗಾಗಿ ಯಾರೋ ಒಬ್ಬ ಕುಶಲಕರ್ಮಿ ಕಲ್ಲಿನ ಮೇಲೆ ಬಗ್ಗಿ ಕುಳಿತು ಸಾವಿರಾರು ಚುಕ್ಕಿ ಇಟ್ಟಿದ್ದಾನೆ. ಅವನ ಹೆಸರು ಯಾವ ಕಾರ್ಡಿನಲ್ಲೂ ಇಲ್ಲ. ತರಗತಿಯಲ್ಲಿ ಮಕ್ಕಳಿಗೆ ಈ ಕಾರ್ಡು ತೋರಿಸುವಾಗಲೆಲ್ಲ ಮೊದಲು ಅವನ ಬಗ್ಗೆಯೇ ಹೇಳುತ್ತಿದ್ದೆ.

ಈಗ ಚಿತ್ರಕಾರರ ಕಡೆ ಬರೋಣ. ಹಲವರಿದ್ದಾರೆ, ಆದರೆ ಒಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಲೂಯಿಸ್ ವೇನ್.

1860ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಹುಟ್ಟಿದವರು. ತಂದೆ ಬಟ್ಟೆ ವ್ಯಾಪಾರ ಮತ್ತು ಕಸೂತಿಯ ಕೆಲಸದವರು. ಹುಟ್ಟುವಾಗಲೇ ಮೇಲ್ದುಟಿ ಸೀಳಿತ್ತು. ಹತ್ತು ವರ್ಷದವರೆಗೆ ಶಾಲೆಗೆ ಕಳಿಸಬೇಡಿ ಎಂದಿದ್ದರು ವೈದ್ಯರು. ಇಪ್ಪತ್ತರ ವಯಸ್ಸಿಗೆ ತಂದೆ ತೀರಿಕೊಂಡಾಗ ತಾಯಿ ಮತ್ತು ಐವರು ತಂಗಿಯರ ಹೊಣೆ ಇವರ ತಲೆಗೆ ಬಂತು. ಪತ್ರಿಕೆಗಳಿಗೆ ಕೃಷಿ ಮೇಳದ ಹೋರಿ, ಹಂದಿ, ಹಳ್ಳಿ ಮನೆಗಳ ಚಿತ್ರ ಬರೆದು ಸಂಸಾರ ನಡೆಸಿದರು. ತಂಗಿಯರಿಗೆ ಪಾಠ ಹೇಳಲು ಬರುತ್ತಿದ್ದ ಎಮಿಲಿ ರಿಚರ್ಡ್‌ಸನ್ ಅವರನ್ನು 1884ರಲ್ಲಿ ಮದುವೆಯಾದರು. ಆಕೆ ಹತ್ತು ವರ್ಷ ದೊಡ್ಡವರು, ಮೇಲಾಗಿ ಮನೆಪಾಠದವರು. ಅಂದಿನ ಸಮಾಜ ಮೂಗು ಮುರಿಯಿತು. ಸ್ವಲ್ಪ ಕಾಲದಲ್ಲೇ ಎಮಿಲಿಗೆ ಸ್ತನ ಕ್ಯಾನ್ಸರ್.

ಒಂದು ರಾತ್ರಿ ಮಳೆಯಲ್ಲಿ ನೆನೆದು ಕೂಗುತ್ತಿದ್ದ ಕಪ್ಪು ಬಿಳಿ ಬಣ್ಣದ ಬೀದಿ ಮರಿಯೊಂದನ್ನು ದಂಪತಿ ಮನೆಯೊಳಗೆ ತಂದರು. ಪೀಟರ್ ಎಂದು ಹೆಸರಿಟ್ಟರು. ಹಾಸಿಗೆ ಹಿಡಿದಿದ್ದ ಹೆಂಡತಿಯನ್ನು ನಗಿಸಲು ವೇನ್ ಆ ಬೆಕ್ಕಿನ ಚಿತ್ರ ಬರೆಯಲು ತೊಡಗಿದರು. ಮಲಗಿದ ಪೀಟರ್, ಆಕಳಿಸುವ ಪೀಟರ್, ನೂಲುಂಡೆಯೊಡನೆ ಜಗಳವಾಡುವ ಪೀಟರ್. ಇವನ್ನು ಪತ್ರಿಕೆಗೆ ಕೊಡಿ ಎಂದು ಒತ್ತಾಯಿಸಿದವರು ಎಮಿಲಿಯೇ. 1886ರ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಕ್ರಿಸ್‌ಮಸ್ ಸಂಚಿಕೆಗೆ ವೇನ್ ಬೆಕ್ಕಿನ ಮರಿಗಳ ಕ್ರಿಸ್‌ಮಸ್ ಕೂಟವೊಂದನ್ನು ಬರೆದರು. ಹನ್ನೊಂದು ಚೌಕಟ್ಟು, 150 ಬೆಕ್ಕು, ಹಲವಕ್ಕೆ ಪೀಟರನದೇ ಮುಖ. ಊರೆಲ್ಲ ಆ ಚಿತ್ರದ ಮಾತಾಡಿತು. ಹೊಸ ವರ್ಷದ ಮೊದಲ ದಿನಗಳಲ್ಲೇ ಎಮಿಲಿ ತೀರಿಕೊಂಡರು. ತನ್ನ ವೃತ್ತಿಗೆ ಬುನಾದಿ ಹಾಕಿದ್ದು ಪೀಟರ್ ಎಂದು ವೇನ್ ಮುಂದೆ ಹೇಳಿಕೊಂಡರು.

ಆ ಮೊದಲ ಚಿತ್ರದಲ್ಲಿ ಬೆಕ್ಕುಗಳಿಗೆ ಬಟ್ಟೆಯಿಲ್ಲ. ನಾಲ್ಕು ಕಾಲಿನ ಮೇಲೇ ಇವೆ. ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಎದ್ದು ನಿಂತವು. ಕೋಟು ತೊಟ್ಟವು, ಚುಟ್ಟ ಸೇದಿದವು, ಗಾಲ್ಫ್ ಆಡಿದವು, ಸಂಗೀತ ಕಛೇರಿ ನಡೆಸಿದವು. ಕಾರ್ಡುಗಳ ಕಾಲ ಬಂದಾಗ ವೇನ್ ಬೆಕ್ಕುಗಳು ಮನೆಮನೆಗೆ ಹೋದವು. ತಮ್ಮ ವಿಧಾನವನ್ನು ಅವರೇ ವಿವರಿಸಿದ್ದಾರೆ. ಹೋಟೆಲಿನಂಥ ಜಾಗಕ್ಕೆ ಹೋಗಿ ಚಿತ್ರಪುಸ್ತಕ ಬಿಚ್ಚಿ ಕೂರುವುದು, ಅಲ್ಲಿ ಕುಳಿತ ಜನರನ್ನು ಅವರವರ ಭಂಗಿಯಲ್ಲೇ ಬೆಕ್ಕುಗಳನ್ನಾಗಿ ಬರೆಯುವುದು. ತಮ್ಮ ಹಾಸ್ಯ ಚಿತ್ರಗಳಲ್ಲಿ ಅವೇ ಶ್ರೇಷ್ಠ ಎಂದು ಅವರ ನಂಬಿಕೆ.

ಮಕ್ಕಳಿಗೆ ಬೆಕ್ಕು ಬರೆಯಲು ಕಲಿಸಿದವನಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೆಕ್ಕನ್ನು ಎರಡು ಕಾಲಿನ ಮೇಲೆ ನಿಲ್ಲಿಸಿ ನೋಡಿ, ತೊಂದರೆ ಗೊತ್ತಾಗುತ್ತದೆ. ಅದರ ಹಿಂಗಾಲಿನಲ್ಲಿ ಹಿಂದಕ್ಕೆ ಮಡಿಸಿದಂತೆ ಕಾಣುವುದು ಮೊಣಕಾಲಲ್ಲ, ಹಿಮ್ಮಡಿ. ಬೆಕ್ಕು ಸದಾ ತುದಿಗಾಲಿನ ಮೇಲೆ ನಡೆಯುವ ಪ್ರಾಣಿ. ನಿಜವಾದ ಮೊಣಕಾಲು ಹೊಟ್ಟೆಯ ಹತ್ತಿರ, ತುಪ್ಪಳದಲ್ಲಿ ಮುಚ್ಚಿಹೋಗಿರುತ್ತದೆ. ಮನುಷ್ಯನ ಕಾಲಿಗೆ ಬೆಕ್ಕಿನ ತಲೆ ಅಂಟಿಸಿದರೆ ಮುಖವಾಡ ತೊಟ್ಟ ಮನುಷ್ಯನಾಗುತ್ತಾನೆ, ನಗು ಬರುವುದಿಲ್ಲ. ಬೆಕ್ಕಿನ ಕಾಲನ್ನು ಇದ್ದಂತೆಯೇ ಬಿಟ್ಟರೆ ಷರಾಯಿ ನಿಲ್ಲುವುದಿಲ್ಲ. ಒಳ್ಳೆಯ ಚಿತ್ರಕಾರರು ಇವೆರಡರ ನಡುವೆ ಎಲ್ಲೋ ಒಂದು ಜಾಗ ಹುಡುಕಿಕೊಳ್ಳುತ್ತಾರೆ. ಸೊಂಟದ ಮೇಲೆ ಭುಜ ಸ್ವಲ್ಪ ಜಾರಿರಬೇಕು, ಕುತ್ತಿಗೆ ಇಲ್ಲವೆಂಬಷ್ಟು ಚಿಕ್ಕದಿರಬೇಕು, ಪಂಜಕ್ಕೆ ಬೆರಳು ಮೂಡಬಾರದು. ಚಹಾ ಬಟ್ಟಲನ್ನು ಬೆಕ್ಕು ಹಿಡಿಯುವುದಿಲ್ಲ, ಎರಡು ಪಂಜಗಳ ನಡುವೆ ಒತ್ತಿಕೊಳ್ಳುತ್ತದೆ. ಆ ಒತ್ತುವಿಕೆಯಲ್ಲೇ ನಗು ಇದೆ.

ಇನ್ನು ಮುಖ. ನಮ್ಮಂತೆ ತುಟಿ ಅಗಲಿಸಿ ನಗಲು ಬೆಕ್ಕಿಗೆ ಬಾರದು. ಅದರ ಮನಸ್ಸು ಕಿವಿಯಲ್ಲಿ, ಮೀಸೆಯಲ್ಲಿ, ಬಾಲದ ತುದಿಯಲ್ಲಿ ಇರುತ್ತದೆ. ವೇನ್ ಅವರ ಚಿತ್ರಗಳಲ್ಲಿ ಕಿವಿಗಳೇ ಹುಬ್ಬಿನ ಕೆಲಸ ಮಾಡುತ್ತವೆ. ಕಿವಿ ಚಪ್ಪಟೆಯಾದರೆ ಆ ಬೆಕ್ಕು ಪಕ್ಕದವರ ಹಾಡನ್ನು ಸಹಿಸಿಕೊಳ್ಳುತ್ತಿದೆ ಎಂದರ್ಥ. ಒಂದು ಕಿವಿ ಮಾತ್ರ ತಿರುಗಿದ್ದರೆ ಹಿಂದಿನ ಮೇಜಿನ ಗುಟ್ಟು ಕೇಳುತ್ತಿದೆ. ಕಣ್ಣುಗಳಂತೂ ಗುಂಡಗೆ, ಹೊರಗೆ ಉಕ್ಕಿದಂತೆ. ಆಗ ತಾನೇ ಕತ್ತಲೆಯಿಂದ ದೀಪದ ಕೋಣೆಗೆ ಬಂದ ಹಾಗೆ. ಬಾಲವನ್ನು ಕೋಟಿನೊಳಗೆ ಬಚ್ಚಿಡುವ ಚಿತ್ರಕಾರರಿದ್ದಾರೆ. ಬಾಲ ಹೊರಗೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಖ ಸಭ್ಯವಾಗಿದ್ದಾಗಲೂ ಬಾಲ ನಿಜ ಹೇಳುತ್ತಿರುತ್ತದೆ.

ನಮಗೆ ನಗು ಬರುವುದು ಇಲ್ಲಿಂದ ಎಂದು ನನಗೆ ಅನಿಸುತ್ತದೆ. ಇಷ್ಟೆಲ್ಲ ಉಡುಪು ತೊಟ್ಟು, ಕುರ್ಚಿ ಮೇಲೆ ಕುಳಿತು, ಬಟ್ಟಲು ಹಿಡಿದ ಮೇಲೂ ಬೆಕ್ಕು ಬೆಕ್ಕಾಗಿಯೇ ಉಳಿದಿರುತ್ತದೆ. ನಮ್ಮ ಪಂಚತಂತ್ರದ ಕರಟಕ ದಮನಕರಿಗೆ ಈ ಸ್ವಾತಂತ್ರ್ಯವಿಲ್ಲ. ಅವು ನರಿಗಳೆಂದು ಹೇಳಿದರೂ ಮಾತು ಮಂತ್ರಿಗಳದ್ದು, ನೀತಿ ಹೇಳುವ ಹೊಣೆ ಹೊತ್ತವು. ಹಾಲಿನ ಹೂಜಿಗೆ ಪಂಜ ಹಾಕಿದ ಈ ಮರಿಗೆ ಯಾವ ಹೊಣೆಯೂ ಇಲ್ಲ. ಅದನ್ನು ಬರೆದವರು ಒಂದು ನಿಜವಾದ ಮರಿ ನಿಜವಾದ ಹೂಜಿಯ ಮುಂದೆ ಏನು ಮಾಡುತ್ತದೆಂದು ಕಣ್ಣಿಟ್ಟು ನೋಡಿದ್ದಾರೆ. ಅದರ ಮೇಲೆ ಪ್ರೀತಿ ಇಲ್ಲದವರು ಅಷ್ಟು ಹೊತ್ತು ನೋಡುತ್ತಾ ಕೂರುವುದಿಲ್ಲ.

ವೇನ್ ಹುಟ್ಟಿದ ವರ್ಷವೇ ಹುಟ್ಟಿದ ಇನ್ನೊಬ್ಬರು ಜರ್ಮನಿಯ ಆರ್ಥರ್ ಟೀಲೆ. ಲೈಪ್‌ಜಿಗ್‌ನವರು. ಇವರ ಬೆಕ್ಕುಗಳು ಶಾಲೆಗೆ ಹೋಗುತ್ತವೆ. ಹಿಂದಿನ ಬೆಂಚಿನಲ್ಲಿ ಗಲಾಟೆ, ಮುಂದಿನ ಬೆಂಚಿನಲ್ಲಿ ಚಾಡಿ, ಶಿಕ್ಷೆ ತಿಂದ ಮರಿಯ ಕಣ್ಣಲ್ಲಿ ನೀರು. ವೇನ್ ಬೆಕ್ಕುಗಳ ಕಣ್ಣಿನ ಮಿಂಚು ಇವಕ್ಕಿಲ್ಲ. ಆದರೆ ಗುಂಪಿನಲ್ಲಿ ಒಂದೊಂದು ಮುಖಕ್ಕೂ ಬೇರೆ ಬೇರೆ ಸ್ವಭಾವ ಕೊಡುವುದರಲ್ಲಿ ಟೀಲೆ ಯಾರಿಗೂ ಕಡಿಮೆಯಿಲ್ಲ.

ಮುಂದೆ ಎರಡನೇ ಮಹಾಯುದ್ಧದ ನಂತರ ಸ್ವಿಟ್ಜರ್ಲೆಂಡಿನ ಓಯ್ಗೆನ್ ಹಾರ್ಟುಂಗ್ ಬಂದರು. ಅವರ ಬೆಕ್ಕುಗಳು ಅಮೆರಿಕದಲ್ಲಿ ಆಲ್ಫ್ರೆಡ್ ಮೈನ್ಸರ್ ಎಂಬ ನ್ಯೂಯಾರ್ಕಿನ ಪ್ರಕಾಶಕರ ಹೆಸರಿನಲ್ಲೇ ಪ್ರಸಿದ್ಧವಾದವು. ಕಾರ್ಡಿನ ಮೂಲೆಯಲ್ಲಿದ್ದ ಪ್ರಕಾಶಕರ ಹೆಸರು ಉಳಿಯಿತು, ಬರೆದವರ ಹೆಸರು ಮರೆಯಾಯಿತು. ಹಲವು ಕಾರ್ಡುಗಳ ಅಂಚು ಅಲೆ ಅಲೆಯಾಗಿ ಕತ್ತರಿಸಿರುತ್ತದೆ. ಹಾರ್ಟುಂಗ್ ಅವರ ಲೋಕ ಚಹಾಕೂಟದ್ದಲ್ಲ, ಮಧ್ಯಮ ವರ್ಗದ ಮನೆಯದು. ಬಟ್ಟೆ ಒಗೆಯುವ ದಿನ, ಅಡುಗೆ ಮನೆ, ಮಾರುಕಟ್ಟೆ, ರೈಲು ನಿಲ್ದಾಣ. ಪ್ರತಿ ಚಿತ್ರದಲ್ಲೂ ಒಂದು ಅನಾಹುತ ಇನ್ನೇನು ಆಗಲಿದೆ. ಹಗ್ಗ ಕಳಚುತ್ತಿದೆ, ಹಾಲು ಉಕ್ಕುತ್ತಿದೆ, ಕುರ್ಚಿ ವಾಲಿದೆ. ಮರಿ ಬೀಳುತ್ತಿದೆ, ಆದರೆ ಇನ್ನೂ ಬಿದ್ದಿಲ್ಲ. ತಾಯಿ ಬೆಕ್ಕು ಅತ್ತ ತಿರುಗಿ ನಿಂತಿದೆ. ಬೀಳುವ ಮುನ್ನಿನ ಆ ಒಂದು ಗಳಿಗೆಯನ್ನೇ ಅವರು ಮತ್ತೆ ಮತ್ತೆ ಬರೆದರು. ಮಕ್ಕಳು ಈ ಕಾರ್ಡುಗಳನ್ನು ಬಹಳ ಹೊತ್ತು ನೋಡುವುದನ್ನು ನಾನು ಕಂಡಿದ್ದೇನೆ. ಮುಂದೇನಾಯಿತು ಎಂದು ಕೇಳುತ್ತಾರೆ.

ಈಗ ಮನಸ್ಸಿಗೆ ಕಸಿವಿಸಿಯಾಗುವ ಒಂದು ವಿಷಯ. ಚಿತ್ರದ ಬೆಕ್ಕಿಗೆ ಅಂಗಿ ತೊಡಿಸಬಹುದು, ಅದಕ್ಕೆ ನೋವಾಗುವುದಿಲ್ಲ. ಆದರೆ ಜನ ನಿಜವಾದ ಪ್ರಾಣಿಗಳಿಗೂ ತೊಡಿಸಿದರು. ಇಂಗ್ಲೆಂಡಿನ ಬ್ರಾಂಬರ್ ಎಂಬ ಊರಿನಲ್ಲಿ ವಾಲ್ಟರ್ ಪಾಟರ್ ಸತ್ತ ಪ್ರಾಣಿಗಳ ತೊಗಲಿಗೆ ಹೊಟ್ಟು ತುಂಬಿ, ಮರಿಬೆಕ್ಕುಗಳ ಮದುವೆಯನ್ನೇ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ಅದರ ಚಿತ್ರದ ಕಾರ್ಡುಗಳೂ ಮಾರಾಟವಾದವು. ಆ ಕುಶಲತೆಯನ್ನು ಒಪ್ಪುತ್ತೇನೆ, ಆದರೆ ಆ ಗಾಜಿನ ಕಣ್ಣುಗಳನ್ನು ನೋಡಿ ನಗಲು ನನ್ನಿಂದಾಗಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದ ಹ್ಯಾರಿ ವಿಟಿಯರ್ ಫ್ರೀಸ್ ಕಥೆ ಬೇರೆ. 1906ರಲ್ಲಿ ಮನೆಯ ಹುಟ್ಟುಹಬ್ಬದ ಊಟದಲ್ಲಿ ಕಾಗದದ ಟೊಪ್ಪಿಯೊಂದು ಕೈಯಿಂದ ಕೈಗೆ ಸುತ್ತಿ ಕೊನೆಗೆ ಬೆಕ್ಕಿನ ತಲೆ ಸೇರಿತು. ಅವರು ಅದರ ಫೋಟೊ ತೆಗೆದರು, ಅದು ಕಾರ್ಡಾಯಿತು, ಮುಂದೆ ಅದೇ ಅವರ ಜೀವನೋಪಾಯವಾಯಿತು. ಬದುಕಿರುವ ಮರಿಗಳಿಗೆ ಪುಟ್ಟ ಲಂಗ ತೊಡಿಸಿ, ಒಲೆಯ ಮುಂದೆ ನಿಲ್ಲಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಫೋಟೊ ತೆಗೆಯಬೇಕು. ತೆಗೆದವುಗಳಲ್ಲಿ ಬಹುಪಾಲು ಕೆಟ್ಟುಹೋಗುತ್ತಿದ್ದವು. ವರ್ಷದಲ್ಲಿ ಮೂರು ತಿಂಗಳು ಮಾತ್ರ ಈ ಕೆಲಸ. ಅದಕ್ಕಿಂತ ಹೆಚ್ಚು ಅವರ ನರಗಳಿಗೆ ತಡೆಯುತ್ತಿರಲಿಲ್ಲ. ಮೊಲಕ್ಕೆ ಬಟ್ಟೆ ತೊಡಿಸುವುದು ಸುಲಭ ಆದರೆ ಅಭಿನಯ ಕಡಿಮೆ, ನಾಯಿಮರಿ ಅರ್ಥಮಾಡಿಕೊಂಡರೆ ಮಾತು ಕೇಳುತ್ತದೆ, ಬೆಕ್ಕಿನ ಮರಿಯಷ್ಟು ಬಹುಮುಖ ನಟ ಇನ್ನೊಂದಿಲ್ಲ, ಹಂದಿಯಷ್ಟು ಕಷ್ಟ ಯಾವುದೂ ಇಲ್ಲ ಎಂದು ಅವರೇ ಬರೆದಿದ್ದಾರೆ. ತಾಳ್ಮೆ ಮತ್ತು ದಯೆಯಿಂದಲೇ ಇವು ಸಾಧ್ಯವಾದವು ಎಂದೂ ಹೇಳಿದ್ದಾರೆ, ನಾನು ನಂಬುತ್ತೇನೆ. ಆದರೂ ಆ ಮರಿಗಳ ಮುಖ ನೋಡಿ. ಗಟ್ಟಿ ಬಟ್ಟೆಯೊಳಗೆ ನಿಂತು, ಇದು ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿವೆ. ವೇನ್ ಬರೆದ ಬೆಕ್ಕು ಎಂದೂ ಹಾಗೆ ಕಾಯುವುದಿಲ್ಲ. ಅದಕ್ಕೆ ಆ ಕೂಟ ಬೇಕಾಗಿದೆ.

ನಾಯಿಗಳ ಬಗ್ಗೆ ಎರಡು ಮಾತು. 1914ರಲ್ಲಿ ಯುದ್ಧ ಬಂದಾಗ ಕಾರ್ಡುಗಳ ನಾಯಿಗಳು ಸೈನಿಕರಾದವು. ಬ್ರಿಟಿಷ್ ಕಾರ್ಡುಗಳಲ್ಲಿ ಬುಲ್‌ಡಾಗ್ ದೇಶಭಕ್ತ, ಉದ್ದ ಮೈಯ ಗಿಡ್ಡ ಕಾಲಿನ ಡ್ಯಾಕ್ಸ್‌ಹುಂಡ್ ಶತ್ರು. ಡ್ಯಾಕ್ಸ್‌ಹುಂಡ್ ಮಾಡಿದ ತಪ್ಪೆಂದರೆ ಅದರ ತಳಿ ಜರ್ಮನಿಯದು. ಆ ಕಾರ್ಡುಗಳನ್ನು ನಾನು ಸಂಗ್ರಹಿಸಿಲ್ಲ. ಯುದ್ಧ ಮುಗಿದ ಮೇಲೆ, 1922ರಲ್ಲಿ, ಇಂಗ್ಲಿಷ್ ಚಿತ್ರಕಾರ ಜಾರ್ಜ್ ಸ್ಟಡಿಯವರು ಬರೆಯುತ್ತಿದ್ದ ನಾಯಿಮರಿಗೆ ಬೋನ್‌ಜೋ ಎಂಬ ಹೆಸರು ಬಂತು. ಬಿಳಿ ಮೈ, ಅಲ್ಲಲ್ಲಿ ಕಪ್ಪು ಮಚ್ಚೆ, ನೀಲಿ ಕಣ್ಣು, ಯಾವಾಗಲೂ ಯಾವುದೋ ತಿಂಡಿಯ ಮೇಲೇ ಜೀವ. ಅದು ಯಾವ ದೇಶದ್ದೂ ಆಗಿರಲಿಲ್ಲ. ಡಂಡಿಯ ವ್ಯಾಲೆಂಟೈನ್ ಸಂಸ್ಥೆ ಅದರ ಕಾರ್ಡುಗಳನ್ನು ಅಚ್ಚು ಹಾಕಿ ಜಗತ್ತಿಗೆಲ್ಲ ಹಂಚಿತು.

ಅಷ್ಟರಲ್ಲಿ ಕಾರ್ಡಿನ ಕಾಲವೇ ಇಳಿಮುಖವಾಗಿತ್ತು. ಜರ್ಮನಿಯ ಕಲ್ಲುಗಳು ಯುದ್ಧದೊಂದಿಗೆ ದೂರವಾದವು. 1918ರಲ್ಲಿ ಬ್ರಿಟನ್ನಿನ ಕಾರ್ಡಿನ ದರ ಅರ್ಧ ಪೆನ್ನಿಯಿಂದ ಒಂದು ಪೆನ್ನಿಗೆ, ಅಂದರೆ ಎರಡರಷ್ಟಾಯಿತು. ಟೆಲಿಫೋನು ಬಂತು. 1940ರ ಡಿಸೆಂಬರ್ 29ರ ರಾತ್ರಿ ಲಂಡನ್ ಮೇಲೆ ಬಿದ್ದ ಬಾಂಬುಗಳಿಂದ ಟಕ್ ಸಂಸ್ಥೆಯ ಕಟ್ಟಡ ಸುಟ್ಟುಹೋಯಿತು, ಎಷ್ಟೋ ಮೂಲ ಚಿತ್ರಗಳು ಅದರೊಡನೆ ಬೂದಿಯಾದವು. ಅಂಚೆಯಲ್ಲಿ ಹೋಗಿ ಯಾರದೋ ಆಲ್ಬಮ್ಮಿನಲ್ಲಿ, ಯಾರದೋ ಅಡುಗೆ ಪುಸ್ತಕದಲ್ಲಿ ಅಡಗಿದ ಪ್ರತಿಗಳು ಉಳಿದವು.

ಮತ್ತೆ ವೇನ್ ಅವರಿಗೆ ಬರುತ್ತೇನೆ. ಇದು ನನ್ನ ಎದೆಯಲ್ಲಿ ಕೂತಿರುವ ವಿಷಯ. ದೇಶದ ಮನೆಮನೆಯಲ್ಲಿ ತಮ್ಮ ಬೆಕ್ಕುಗಳಿದ್ದ ಕಾಲದಲ್ಲೂ ಅವರಿಗೆ ಹಣದ ತಾಪತ್ರಯ ತಪ್ಪಲಿಲ್ಲ. ಚಿತ್ರ ಮಾರುವಾಗ ಹಕ್ಕನ್ನೂ ಮಾರಿಬಿಡುತ್ತಿದ್ದರು. ಒಂದು ಸಲ ಪುಡಿಗಾಸು ಬರುತ್ತಿತ್ತು, ಆಮೇಲೆ ಆ ಬೆಕ್ಕು ಎಷ್ಟು ಲಕ್ಷ ಕಾರ್ಡಾದರೂ ಅವರಿಗೆ ಬಿಡಿಗಾಸಿಲ್ಲ. ಮದುವೆಯಾಗದ ಐವರು ತಂಗಿಯರನ್ನು ಸಾಕಬೇಕಿತ್ತು. 1907ರಲ್ಲಿ ಅಮೆರಿಕಕ್ಕೆ ಹೋಗಿ ಪತ್ರಿಕೆಗಳಿಗೆ ಬರೆದರು, ಬರಿಗೈಯಲ್ಲಿ ಮರಳಿದರು. 1914ರಲ್ಲಿ ಬಸ್ಸಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಮನಸ್ಸು ಕ್ರಮೇಣ ಹದ ತಪ್ಪಿತು. ಸಿಟ್ಟು, ಸಂಶಯ ಹೆಚ್ಚಿ ಮನೆಯಲ್ಲಿ ಇಟ್ಟುಕೊಳ್ಳಲಾಗದ ಸ್ಥಿತಿ ಬಂದಾಗ 1924ರಲ್ಲಿ ಲಂಡನ್ನಿನ ಟೂಟಿಂಗ್‌ನ ಮಾನಸಿಕ ಆಸ್ಪತ್ರೆಯಲ್ಲಿ ಬಡವರ ವಾರ್ಡಿಗೆ ಸೇರಿಸಿದರು.

ಮರುವರ್ಷ ಆಸ್ಪತ್ರೆಗೆ ಬಂದ ಒಬ್ಬರು ಪುಸ್ತಕ ವ್ಯಾಪಾರಿ, ಒಂದು ಮೂಲೆಯಲ್ಲಿ ಬೆಕ್ಕು ಬರೆಯುತ್ತಾ ಕುಳಿತಿದ್ದ ಮುದುಕರನ್ನು ಗುರುತಿಸಿದರು. ಸುದ್ದಿ ಹೊರಬಂತು. ನಿಧಿ ಸಂಗ್ರಹಕ್ಕೆ ಮನವಿ ಹೊರಟಿತು, ವಿಷಯ ಪ್ರಧಾನಮಂತ್ರಿಯವರೆಗೆ ಹೋಯಿತು. ಲೇಖಕ ಎಚ್.ಜಿ. ವೆಲ್ಸ್ ಆಗ ಆಡಿದ ಮಾತಿನ ಸಾರ ಇದು: ಆತ ಬೆಕ್ಕನ್ನು ತನ್ನದಾಗಿಸಿಕೊಂಡ, ಒಂದು ಬೆಕ್ಕಿನ ಸಮಾಜವನ್ನೇ, ಬೆಕ್ಕಿನ ಲೋಕವನ್ನೇ ಸೃಷ್ಟಿಸಿದ, ಲೂಯಿಸ್ ವೇನ್ ಬೆಕ್ಕುಗಳಂತೆ ಬದುಕದ ಇಂಗ್ಲೆಂಡಿನ ಬೆಕ್ಕುಗಳಿಗೆ ತಮ್ಮ ಬಗ್ಗೆಯೇ ನಾಚಿಕೆಯಾಗುತ್ತದೆ. ವೇನ್ ಅವರನ್ನು ಲಂಡನ್ನಿನ ಬೆತ್ಲೆಮ್ ಮಾನಸಿಕ ಆಸ್ಪತ್ರೆಗೆ, 1930ರಲ್ಲಿ ಸೇಂಟ್ ಆಲ್ಬನ್ಸ್ ಹತ್ತಿರದ ನ್ಯಾಪ್ಸ್‌ಬರಿಗೆ ಸೇರಿಸಿದರು. ಅಲ್ಲಿ ತೋಟವಿತ್ತು, ಬೆಕ್ಕುಗಳೂ ಇದ್ದವು. 1939ರ ಜುಲೈ 4ರಂದು ತೀರಿಕೊಂಡರು.

ಅವರ ಕೊನೆಯ ವರ್ಷಗಳ ಬಗ್ಗೆ ನೀವು ಒಂದು ಚಿತ್ರಮಾಲೆ ನೋಡಿರಬಹುದು. ಮೊದಲಿಗೆ ಸಾಧಾರಣ ಬೆಕ್ಕು, ಆಮೇಲೆ ಬಣ್ಣ ಸಿಡಿಯುವ ಬೆಕ್ಕು, ಕೊನೆಗೆ ಬರೀ ರಂಗೋಲಿಯಂಥ ವಿನ್ಯಾಸ. ಹುಚ್ಚು ಹೆಚ್ಚಾದಂತೆ ಬೆಕ್ಕು ಕರಗಿತು ಎಂದು ಅಡಿಬರಹ. ಅದನ್ನು ನಂಬಬೇಡಿ. ವಾಲ್ಟರ್ ಮ್ಯಾಕ್ಲೇ ಎಂಬ ಮನೋವೈದ್ಯರು ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಚಿತ್ರಗಳನ್ನು ತಮಗೆ ತೋಚಿದ ಕ್ರಮದಲ್ಲಿ ಜೋಡಿಸಿದರು. ಯಾವ ಚಿತ್ರದ ಮೇಲೂ ತಾರೀಖು ಇರಲಿಲ್ಲ. ವೇನ್ ಆಸ್ಪತ್ರೆಯಲ್ಲಿ ಕೂಡ ತಮ್ಮ ಹಳೆಯ ರೀತಿಯ ಚಹಾ ಕುಡಿಯುವ ಬೆಕ್ಕುಗಳನ್ನು ಬರೆಯುತ್ತಲೇ ಇದ್ದರು. ಕಸೂತಿಯವರ ಮಗ ವಿನ್ಯಾಸ ಬಿಡಿಸಿದರೆ ಅದನ್ನು ರೋಗ ಎನ್ನಬೇಕೇ? ಇದು ಆ ಮನುಷ್ಯನಿಗೆ ಮಾಡಿದ ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಕಾರ್ಡು ಸಭೆಯನ್ನೆಲ್ಲ ಸುತ್ತಿ ಬಂತೇ? ಕೊಡಿ. ಮೂಲೆ ಮಡಚದೆ ತಂದುಕೊಟ್ಟಿದ್ದಕ್ಕೆ ಧನ್ಯವಾದ.

ಕೊನೆಗೆ ತೆರೆಯ ಮೇಲೆ ಒಂದು ಚಿತ್ರ. ಇದು ಕಾರ್ಡಲ್ಲ, ಕನ್ನಡಿ. ಬೆತ್ಲೆಮ್‌ನಲ್ಲಿದ್ದಾಗ ಕ್ರಿಸ್‌ಮಸ್ ಬಂತು. ವಾರ್ಡನ್ನು ಸಿಂಗರಿಸಬೇಕಿತ್ತು. ವೇನ್ ಕುಂಚ ಹಿಡಿದು ಅಲ್ಲಿದ್ದ ಕನ್ನಡಿಗಳ ಮೇಲೆಯೇ ಹಬ್ಬ ಆಚರಿಸುವ ಬೆಕ್ಕುಗಳನ್ನು ಬರೆದರು. ಆ ಕನ್ನಡಿಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ನಡುವೆ ಗಾಜು ಖಾಲಿ ಉಳಿದ ಕಡೆ ನೋಡಿ. ಬೆಳಿಗ್ಗೆ ತಲೆ ಬಾಚಿಕೊಳ್ಳಲು ಬಂದು ನಿಂತ ರೋಗಿಗೆ, ದಾದಿಗೆ, ವೈದ್ಯರಿಗೆ ಅಲ್ಲಿ ತಮ್ಮ ಮುಖವೇ ಕಾಣುತ್ತಿತ್ತು, ಸುತ್ತಲೂ ಕಣ್ಣರಳಿಸಿ ನೋಡುವ ಬೆಕ್ಕುಗಳ ಗುಂಪಿನಲ್ಲಿ.